ಅತ್ತೆ ಸ್ಕೀ ಕಟ್ಟಿದ ದಿನ

ಕೊರೊನಾ ಕಾಟ ಮುಗಿದ ಮರುವರ್ಷದ ಚಳಿಗಾಲ. ನಾವಾಗ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಎರಡು ಕೋಣೆಯ ಫ್ಲಾಟಿನಲ್ಲಿದ್ದೆವು. ಧಾರವಾಡದಿಂದ ಅತ್ತೆ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಹನ್ನೆರಡರ ಮಗಳು ಅನಘಾಳ ತರಗತಿಯ ಅರ್ಧ ಮಕ್ಕಳು ಫೆಬ್ರವರಿ ರಜೆಗೆ ಹಿಮದ ಇಳಿಜಾರಿನಲ್ಲಿ ಸ್ಕೀ ಆಡಲು ಹೋಗುವವರು. ನಾವೂ ಹೋಗೋಣ ಎಂದು ಅವಳು ದೀಪಾವಳಿಯಿಂದಲೇ ನಮ್ಮ ತಲೆ ತಿನ್ನುತ್ತಿದ್ದಳು.

ನನ್ನ ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ಒಂದು ಕುಕ್ಕರ್ ಕೊಳ್ಳಬೇಕಾದರೂ ನಾಲ್ಕು ಕಡೆ ವಿಚಾರಿಸುವ ಮನುಷ್ಯ. ಆಲ್ಪ್ಸ್ ಕೈಗೆಟಕುವಂಥದ್ದಲ್ಲ ಎಂದು ಮೊದಲ ದಿನವೇ ತಳ್ಳಿಹಾಕಿದರು. ವಿಮಾನ, ರೂಮು ಮಾತ್ರವಲ್ಲ. ಸ್ಕೀ ಬಾಡಿಗೆ, ಬೂಟು ಬಾಡಿಗೆ, ಗುಡ್ಡ ಹತ್ತಿಸುವ ಲಿಫ್ಟಿನ ಪಾಸು, ಕಲಿಸುವವರ ಫೀ ಎಲ್ಲ ಸೇರಿದರೆ ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೆ ಬಲ್ಗೇರಿಯಾದ ಒಂದು ಊರು ಸಿಕ್ಕಿತು. ಅಗ್ಗ, ಹೊಸಬರಿಗೆಂದೇ ಮಾಡಿದ ಸಣ್ಣ ಇಳಿಜಾರುಗಳು, ರೂಮಿನಲ್ಲೇ ಅಡುಗೆಮನೆ. "ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡು ಹೋದ್ರ ಹೋಟೆಲ್ ಖರ್ಚೂ ಉಳೀತದ" ಎಂದು ಯುದ್ಧ ಗೆದ್ದವರಂತೆ ಬೀಗಿದರು.

ಬುಕ್ ಮಾಡಲು ಕೂತು ಪಾಸ್‌ಪೋರ್ಟ್ ತೆಗೆದಾಗ ಹೊಳೆಯಿತು. ನಮ್ಮ ಮೂವರದು ಬ್ರಿಟಿಷ್ ಪಾಸ್‌ಪೋರ್ಟ್, ಅತ್ತೆಯದು ಭಾರತದ್ದು. ಇಲ್ಲಿನ ವೀಸಾ ಇಟ್ಟುಕೊಂಡು ಅವರು ಬಲ್ಗೇರಿಯಾಕ್ಕೆ ಬರುವಂತಿರಲಿಲ್ಲ. ಅಲ್ಲಿನ ವೀಸಾವನ್ನು ಊರಿನಿಂದಲೇ ಮಾಡಿಸಿಕೊಂಡು ಬರಬೇಕಿತ್ತು.

"ಅದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ನೀವು ಹೋಗಿ ಬರ್ರಿ. ನಾ ಮನಿ ಕಾಯ್ತೀನಿ" ಎಂದರು ಅತ್ತೆ, ಮೆಂತ್ಯದ ಸೊಪ್ಪು ಬಿಡಿಸುತ್ತಾ. ಅವರ ಜಾಯಮಾನವೇ ಅದು. ಗೋಕರ್ಣಕ್ಕೆ ಹೋದಾಗ ಎಲ್ಲರೂ ಸಮುದ್ರಕ್ಕಿಳಿದರೆ ಅತ್ತೆ ದಂಡೆಯಲ್ಲಿ ಕೂತು ಚಪ್ಪಲಿ, ಬ್ಯಾಗು ಕಾಯುತ್ತಿದ್ದರು. ಲಂಡನ್ನಿನ ಪಾರ್ಕುಗಳಲ್ಲೂ ಅದೇ ಕೆಲಸ. ನಮಗೂ ಅದು ರೂಢಿಯಾಗಿ, ನೀವೂ ಬನ್ನಿ ಎಂದು ಕರೆಯುವುದನ್ನೇ ಬಿಟ್ಟಿದ್ದೆವು.

ಅನಘಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಜ್ಜಿ ನಾಟ್ ಕಮಿಂಗ್? ದೆನ್ ಐ ಆ್ಯಮ್ ನಾಟ್ ಗೋಯಿಂಗ್!" ಎಂದು ತನ್ನ ಕೋಣೆಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡಳು. ಇಷ್ಟು ದಿನ ಜೀವ ಹಿಂಡಿದ ಹುಡುಗಿ ಹೀಗೆನ್ನುತ್ತಾಳೆಂದು ನಾವಂದುಕೊಂಡಿರಲಿಲ್ಲ. ನನ್ನ ಗಂಡ ಲ್ಯಾಪ್‌ಟಾಪ್ ಮುಚ್ಚಿದರು. ಬಲ್ಗೇರಿಯಾ ಅಲ್ಲಿಗೆ ಮುಗಿಯಿತು.

ಉಳಿದದ್ದು ಸ್ಕಾಟ್ಲೆಂಡ್. ಬೇರೆ ವೀಸಾ ಬೇಡ, ಕಾರಿನಲ್ಲೇ ಹೋಗಬಹುದು. ಅಲ್ಲಿ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ ಎಂದು ಗೊತ್ತಿದ್ದವರೆಲ್ಲ ಹೆದರಿಸಿದರು. ಹಾಗೆಯೇ ಆಯಿತು. ಮೊದಲ ದಿನ ಮಳೆ. ಮರುದಿನ ಗಾಳಿಗೆ ಲಿಫ್ಟ್ ಬಂದ್. ಬಾಡಿಗೆ ಮನೆಯಲ್ಲಿ ಕೂತು ರೊಟ್ಟಿ ತಿಂದದ್ದೇ ಬಂತು. ಹೊರಡುವ ಹಿಂದಿನ ದಿನ ಬಿಸಿಲು ಬಿತ್ತು. ಮೇಲಿನ ಗುಡ್ಡಕ್ಕೆ ಯಾರನ್ನೂ ಬಿಡಲಿಲ್ಲ; ಕೆಳಗೆ ಹೊಸಬರು ಕಲಿಯುವ ಇಳಿಜಾರು ಮಾತ್ರ ತೆರೆದಿತ್ತು.

ಅತ್ತೆ ನನ್ನ ಹಳೆಯ ಪ್ಯಾಂಟು, ತಮ್ಮ ಮಗನ ಜಾಕೆಟ್ಟು ತೊಟ್ಟಿದ್ದರು. ಹೋದವರೇ ಒಂದು ಬೆಂಚು ಹುಡುಕಿ, "ಬ್ಯಾಗ್ ಇಲ್ಲಿ ಇಡ್ರಿ" ಎಂದರು. ಅನಘಾ ಬ್ಯಾಗುಗಳನ್ನೆಲ್ಲ ಲಾಕರಿಗೆ ತುರುಕಿ ಕೀಲಿ ಜೇಬಿಗಿಳಿಸಿದಳು. ಅತ್ತೆಗೆ ಏನು ಮಾಡಬೇಕೆಂದೇ ತೋಚಲಿಲ್ಲ, ಬರಿಗೈಯಲ್ಲಿ ನಿಂತರು. ಅಲ್ಲಿ ಕಲಿಸುತ್ತಿದ್ದಾಕೆ ನರೆಗೂದಲ ಹೆಂಗಸು, ಹೆಚ್ಚುಕಡಿಮೆ ಅತ್ತೆಯ ವಯಸ್ಸು. ನಗುತ್ತಾ ಬಂದು, ಅತ್ತೆಯ ಪಾದದ ಪಕ್ಕ ತನ್ನ ಪಾದವಿಟ್ಟು ಅಳತೆ ನೋಡಿ ಬೂಟು ತಂದಳು. "ಏ ಬ್ಯಾಡವಾ, ಬಿದ್ದು ಸೊಂಟಾ ಮುರ್ಕೊಂಡ್ರ?" ಎಂದು ಅತ್ತೆ ನನ್ನತ್ತ ನೋಡಿದರು. ಬಾಯಿ ಬೇಡವೆನ್ನುತ್ತಿತ್ತು, ಕಾಲು ಆಗಲೇ ಬೂಟಿನೊಳಗೆ ಹೋಗಿತ್ತು.

ಬೂಟಿಗೆ ಸ್ಕೀ ಕಟ್ಟಿ ಅತ್ತೆಯನ್ನು ಇಳಿಜಾರಿನ ಮೇಲಕ್ಕೆ ಕರೆದೊಯ್ದ ಆಕೆ ಎದುರಿಗೆ ನಿಂತು, ತಾನು ಹಿಂದಕ್ಕೆ ಜಾರುತ್ತಾ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ನನ್ನ ಗಂಡ ಎರಡು ಸಲ ಅಂಗಾತ ಬಿದ್ದಾಗಿತ್ತು. ಅತ್ತೆ "ವಿಠ್ಠಲಾ, ವಿಠ್ಠಲಾ" ಎನ್ನುತ್ತ ಮೆಲ್ಲಗೆ ಇಳಿದರು. ಅರ್ಧದಲ್ಲಿ ಆಕೆ ಕೈಬಿಟ್ಟಳು. ಅತ್ತೆ ಬೀಳಲಿಲ್ಲ. ಕೆಳಗೆ ನಿಂತಿದ್ದ ನನ್ನ ತನಕ ಜಾರಿಕೊಂಡು ಬಂದು ತಾವಾಗಿಯೇ ನಿಂತರು. ಟೊಪ್ಪಿಗೆ ಸರಿದು ಕೂದಲು ಕೆದರಿತ್ತು. ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಇನ್ನೊಮ್ಮೆ ಹೋಗ್ಲೇನವಾ?" ಎಂದು ಕೇಳಿದರು. ನಾನು ಸೊಸೆಯಾಗಿ ಬಂದಾಗಿನಿಂದ ತಮಗಾಗಿ ಒಂದು ಕಪ್ ಚಹಾ ಸಹ ಕೇಳದವರು.

ಅತ್ತೆ ಈಗಿಲ್ಲ. ಅನಘಾ ಶಾಲೆಯವರ ಜೊತೆ ಆಲ್ಪ್ಸ್ ನೋಡಿ ಬಂದಿದ್ದಾಳೆ. ಅವಳು ತೋರಿಸಿದ ದೊಡ್ಡ ದೊಡ್ಡ ಪರ್ವತಗಳ ಫೋಟೊ ನೋಡುತ್ತಾ ನನಗೆ ಆ ಪುಟ್ಟ ಇಳಿಜಾರೇ ನೆನಪಾಗಿ ಕಣ್ಣು ತುಂಬಿತು. ಆ ದಿನ "ಸಾಕ್ರಿ ಅತ್ತಿ, ಥಂಡಿ ಆಗ್ತದ" ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಗೋ ನುಂಗಿಕೊಂಡು "ಹೋಗ್ರಿ" ಎಂದೆ. ಬೆಳಕಿರುವ ತನಕ ಅವರು ಮತ್ತೆ ಮತ್ತೆ ಹತ್ತಿ ಇಳಿದರು.