ಗಾಡಿಯ ಅಡಿ ನೋಡುವವರು

ಹೊನ್ನಾವರದ ಆ ಮೆಕ್ಯಾನಿಕ್ ಯಾವ ಹಳೆ ಕಾರು ತೋರಿಸಿದರೂ "ಬಣ್ಣ ಇರಲಿ ಅಮ್ಮಾ, ಅಡಿ ನೋಡ್ವ" ಅನ್ನುತ್ತಿದ್ದರು. ಕಾಲೇಜಿಗೆ ಹೋಗಿಬರಲು ನನ್ನ ಮೊಮ್ಮಗಳು ಮೆಚ್ಚಿದ್ದು ಫಳಫಳ ಹೊಳೆಯುವ ಕೆಂಪು ಕಾರು. ಅವರು ಅದರಡಿ ನುಸುಳಿ, ತಳ ಒರೆಸಿದ ಬೆರಳನ್ನು ನಾಲಿಗೆಗೆ ಹಚ್ಚಿಕೊಂಡರು.

"ಥೂ, ಉಪ್ಪು! ಮೀನು ಹೊತ್ತ ಗಾಡಿ ಇದು. ಉಪ್ಪುನೀರು ಸೋರಿ ತಳ ಪೂರಾ ತುಕ್ಕು, ಮಳೆಗಾಲದಲ್ಲಿ ನಡುರಸ್ತೇಲಿ ಕೈಕೊಡ್ತದೆ."

"ಎಂತ ಅಂಕಲ್, ನಿಮ್ಮ ನಾಲಿಗೇನೇ ಮೀಟರಾ?" ಅಂದಳು ಮೊಮ್ಮಗಳು, ಮುಖ ಊದಿಸಿಕೊಂಡು.

ಮೂರು ವಾರ ಬಿಟ್ಟು ಅವರೇ ಕರೆದು ಒಂದು ಬೂದು ಕಾರು ತೋರಿಸಿದರು. ಅಡಿಯಿಂದ ಹೊರಬಂದವರ ಮುಖದ ತುಂಬ ನಗು.

"ಆತು! ಅಮ್ಮಾ, ಮೊದಲು ನೀವು ಕೂತು ನೋಡಿ."

ನನ್ನ ನೋಯುವ ಮೊಣಕಾಲು ಎಲ್ಲೂ ತಾಗಲಿಲ್ಲ! ಅಯ್ಯೋ, ಆ ಖುಷಿ ಹೇಗೆ ಹೇಳಲಿ? ಅದನ್ನೇ ಕೊಂಡೆವು; ಮನೆಗೆ ಮೊಮ್ಮಗಳೇ ಓಡಿಸಿದಳು. ಶರಾವತಿ ಸೇತುವೆ ಉದ್ದಕ್ಕೂ ನಾನು ಕಿಟಕಿ ಇಳಿಸಿ, ಗುರುತಿಲ್ಲದವರಿಗೂ ಕೈಬೀಸುತ್ತ ಬಂದೆ.