ಶುಂಠಿಗೊಂದು ಬಾಡಿಗೆ ಮನೆ

ಮನೆಯ ನೆಲ ಕೀಳಿಸಿ, ಅಡುಗೆಮನೆಯ ಗೋಡೆ ಒಡೆಸಿ ಹೊಸದಾಗಿ ಕಟ್ಟಿಸುವುದೆಂದು ತೀರ್ಮಾನವಾದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ಮನೆ ಖಾಲಿ ಮಾಡುವುದೋ, ಇಲ್ಲೇ ಇದ್ದು ಧೂಳು ತಿನ್ನುವುದೋ. ನಾನು ಖಾಲಿ ಮಾಡುವ ಪಕ್ಷ. ಆ ಪಕ್ಷದಲ್ಲಿ ಬೇರೆ ಯಾರೂ ಇರಲಿಲ್ಲ.

ಕಾರಣ ನನ್ನ ಕೋಣೆ. ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ ನಮ್ಮ ಮನೆಯಲ್ಲಿ ಅದೊಂದೇ. ಕಾಲೇಜಿನಲ್ಲಿ ಪಾಠ ಮಾಡಿ ಬಂದು, ಚಿಲಕ ಹಾಕಿಕೊಂಡು ಯಾರ ಜೊತೆಗೂ ಮಾತಾಡದೆ ಕೂರುವ ಹೊತ್ತು ಸಿಗುವುದರಿಂದಲೇ ಉಳಿದ ಹೊತ್ತು ನಾನು ಸಭ್ಯಳಾಗಿರುವುದು. ಅಪ್ಪನ ಯೋಜನೆಯ ಪ್ರಕಾರ ಕೆಲಸ ಮುಗಿಯುವವರೆಗೆ ಅಕ್ಕಿ ಡ್ರಮ್ಮು, ಫ್ರಿಜ್ಜು, ದೇವರ ಫೋಟೋಗಳು ಮತ್ತು ಅಜ್ಜಿ ನನ್ನ ಕೋಣೆಗೆ ಬರಬೇಕಿತ್ತು. ಅದೇ ಕ್ರಮದಲ್ಲಿ.

ಎರಡು ಬೀದಿ ಆಚೆ ಒಂದು ಬಾಡಿಗೆ ಮನೆ ನೋಡಿ ಬಂದೆ.

"ಮನೆ ಬಿಟ್ಟು ಹೋದ್ರೆ ವಾಪಸ್ ಬರುವಾಗ ಹಾಲು ಉಕ್ಕಿಸ್ಬೇಕು," ಎಂದಳು ಅಮ್ಮ. "ಹಾಲು ಉಕ್ಕಿಸಿದ್ರೆ ಹಾಸನದಿಂದ ನೆಂಟ್ರನ್ನೆಲ್ಲ ಕರೀಬೇಕು. ಬಂದೋರು ಬೇಗ ಹೋಗಲ್ಲ."

ಹಾಸನದವರ ಸುದ್ದಿ ಬಂದಮೇಲೆ ನನಗೂ ಮಾತು ಮುಂದುವರಿಸುವ ಧೈರ್ಯವಾಗಲಿಲ್ಲ.

ನನ್ನನ್ನು ಕಾಪಾಡಿದವನು ಮೇಸ್ತ್ರಿ. ಗೋಡೆಗೂ ನೆಲಕ್ಕೂ ದಿನಾ ನೀರು ಬಿಡಬೇಕು, ಮನೆಯೆಲ್ಲ ಹಸಿಯಾಗಿರುತ್ತದೆ, ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದ. ಅಪ್ಪ ಬಿಳಿಚಿಕೊಂಡರು. ಹಿಂದಿನ ಕೋಣೆಯಲ್ಲಿ ಬೀಜದ ಶುಂಠಿ ಇತ್ತು.

ಮುಂದಿನ ಬೆಳೆಗೆಂದು ಒಳ್ಳೊಳ್ಳೆಯ ಗೆಡ್ಡೆ ಆರಿಸಿ, ಔಷಧಿಯಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಹುಲ್ಲು ಹೊದಿಸಿ ಮಲಗಿಸಿದ ಶುಂಠಿ. ನಾಟಿಯವರೆಗೆ ಅದಕ್ಕೆ ಕತ್ತಲೆ, ತಂಪು, ಗಾಳಿ ಎಲ್ಲ ಬೇಕು; ಹಸಿ ತಾಗಿದರೆ ಕೊಳೆತು ಹೋಗುತ್ತದೆ. ನಮಗೆ ಜ್ವರ ಬಂದರೆ ಅಪ್ಪ ಬಾಗಿಲಲ್ಲೇ ನಿಂತು ವಿಚಾರಿಸುತ್ತಾರೆ. ಶುಂಠಿಯನ್ನಾದರೆ ಒಳಗೆ ಹೋಗಿ ಮುಟ್ಟಿ ನೋಡುತ್ತಾರೆ.

"ನೀನು ನೋಡಿದ ಮನೇಲಿ ಗಾಳಿ ಆಡುತ್ತಾ?"

"ಆಡುತ್ತೆ ಅಪ್ಪ."

"ಬಿಸಿಲು?"

"ಹಿಂದಿನ ರೂಮಿಗೆ ಬೀಳಲ್ಲ."

ಹೀಗೆ ಪ್ರಶ್ನೆ ಇತ್ಯರ್ಥವಾಯಿತು. ಮನೆಯವರು ಧೂಳಿನಲ್ಲಿರುವುದು, ಶುಂಠಿ ಬಾಡಿಗೆ ಮನೆಗೆ ಹೋಗುವುದು. ಮಾಲೀಕರು ಸಂಸಾರಸ್ಥರಿಗೆ ಮಾತ್ರ ಕೊಡುವುದು ಎಂದಿದ್ದರು. ಅಪ್ಪ ತಮ್ಮ ಸಂಸಾರ ತೋರಿಸಿ ಬೀಗದ ಕೈ ತಂದರು.

"ಅಲ್ಲಿ ಇಲಿ ಬಂದ್ರೆ? ಯಾರಾದ್ರೂ ಇರ್ಬೇಕಲ್ಲ," ಎಂದರು ಊಟದ ಹೊತ್ತಿಗೆ.

"ನಾನಿರ್ತೀನಿ." ತುಸು ಬೇಗ ಹೇಳಿಬಿಟ್ಟೆ ಅನ್ನಿಸಿ ತಟ್ಟೆ ನೋಡಿದೆ.

"ಮದುವೆ ಆಗದ ಹುಡುಗಿ ಬೇರೆ ಮನೇಲಿ ಒಬ್ಳೇನಾ? ಜನ ಏನಂತಾರೆ?" ಎಂದಳು ಅಮ್ಮ.

ಅಜ್ಜಿ ಮುದ್ದೆ ಮುರಿಯುತ್ತಾ ಹೇಳಿದಳು, "ಒಬ್ಳೇ ಎಲ್ಲಿ ಕಣೇ? ಶುಂಠಿ ಇರಲ್ವಾ?"

"ಅತ್ತೆ, ತಮಾಷೆ ಮಾಡ್ಬೇಡಿ."

"ತಮಾಷೆ ಯಾಕೆ? ನನ್ನ ಮಗ ನಿನಗಿಂತ ಜಾಸ್ತಿ ಅದನ್ನೇ ನಂಬೋದು."

ಶುಂಠಿ ಪಿಕಪ್ಪಿನಲ್ಲಿ ಹೋಯಿತು. ಅದರ ಹಿಂದೆ ಸ್ಕೂಟರಿನಲ್ಲಿ ನಾನು. ಅಮ್ಮ ಅಲ್ಲಿ ಹಾಲು ಉಕ್ಕಿಸಿದಳು. ಹಾಸನಕ್ಕೆ ಮಾತ್ರ ಸುದ್ದಿ ಹೋಗಲಿಲ್ಲ.

ಶುಂಠಿಯಂಥ ಸಹವಾಸಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ, ಯಾರ ಫೋನು ಎಂದು ಕೇಳುವುದಿಲ್ಲ. ಬೆಳಿಗ್ಗೆ ಅಪ್ಪ ಬಂದು ಚಪ್ಪಲಿ ಬಿಟ್ಟು, "ಹೇಗಿದೆ?" ಎನ್ನುತ್ತಿದ್ದರು. ನನ್ನ ಬಗ್ಗೆ ಉತ್ತರ ಕೊಡಬಾರದೆಂದು ಮೊದಲ ದಿನವೇ ಕಲಿತೆ.

ಮಳೆ ಬಂತು. ಮೊಳಕೆಯೊಡೆದ ಶುಂಠಿ ಹೊಲಕ್ಕೆ ಹೋಯಿತು, ನಾನು ಮನೆಗೆ ಬಂದೆ. ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ನನ್ನ ಕೋಣೆಗೆ ಹೊಸ ಬಾಗಿಲು ಬಂದಿತ್ತು. ಚಿಲಕ ಇರಲಿಲ್ಲ.

"ಮನೇಲಿ ಯಾರಿಂದ ಬಚ್ಚಿಟ್ಕೊಳ್ಳೋಕೆ ಚಿಲಕ?" ಎಂದಳು ಅಮ್ಮ.

ನಾನು ಅಪ್ಪನ ಕಡೆ ತಿರುಗಿದೆ. "ಮುಂದಿನ ವರ್ಷ ಬೀಜದ ಶುಂಠಿ ನನ್ನ ರೂಮಲ್ಲೇ ಇಡಿ ಅಪ್ಪ. ಆದ್ರೆ ಬಂದೋರೆಲ್ಲ ಬಾಗಿಲು ತೆಗೀತಿದ್ರೆ ಬಿಸಿಗಾಳಿ ನುಗ್ಗುತ್ತೆ."

ಅಪ್ಪ ಬಾಗಿಲನ್ನು ಒಮ್ಮೆ ತೆಗೆದು ಹಾಕಿ ನೋಡಿದರು. ಆಮೇಲೆ ಬಡಗಿಗೆ ಫೋನು ಮಾಡಿದರು.

"ಚಿಲಕ ಒಳಗಿಂದಲೋ, ಹೊರಗಿಂದಲೋ ಅಂತ ಕೇಳ್ತಿದ್ದಾನೆ."

"ಒಳಗಿಂದ," ಎಂದೆ.