ನನ್ನ ‘ಆತು’ ನಂಬಿದ ಮನುಷ್ಯ

ಹೊನ್ನಾವರದಲ್ಲಿ ನಾನು ದರ್ಜಿ. ಗಿರಾಕಿ ಬಂದು “ಅಂಗಿ ಆತಾ?” ಎಂದರೆ ಮಿಶಿನ್ನಿನಿಂದ ತಲೆಯೆತ್ತದೆ “ಆತು, ಆತು” ಎನ್ನುವುದು ನನ್ನ ರೂಢಿ. ಆ ಅಂಗಿಗೆ ಇನ್ನೂ ತೋಳೇ ಕೂಡಿರುತ್ತಿರಲಿಲ್ಲ! ನಮ್ಮ ಕಡೆ ಆತು ಎಂದರೆ ಮುಗಿಯಿತು ಎಂದೂ ಹೌದು, ಸರಿ ಎಂದೂ ಹೌದು, ಹೋಗಿ ಬರುತ್ತೇನೆ ಎಂದೂ ಹೌದು. ನನ್ನ ಬಾಯಲ್ಲಿ ಮಾತ್ರ ಅದಕ್ಕೆ ‘ಇನ್ನೂ ಆಗಿಲ್ಲ’ ಎಂದೇ ಅರ್ಥ ಎಂದು ಹೆಂಡತಿ ಕೇರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅವಳ ಹತ್ತಿರ ಪುರಾವೆಯೂ ಇತ್ತು. ಮನೆಯ ಮೂರು ಕಿಟಕಿಗಳಲ್ಲಿ ಒಂದೂವರೆಗೆ ಮಾತ್ರ ನಾನು ಬಣ್ಣ ಹಚ್ಚಿದ್ದೆ.

ನನಗಿದ್ದ ಒಂದೇ ಹುಚ್ಚು ಸೈಕಲ್. ದಿನಾ ಬೆಳಿಗ್ಗೆ ಹೈವೇ ಹಿಡಿದು ಕುಮಟಾಕ್ಕೆ ಹೋಗಿ ಅಂಗಡಿ ತೆರೆಯುವುದರೊಳಗೆ ವಾಪಸ್. ಡಾಂಬರಿನ ಮೇಲೆ ನನ್ನನ್ನು ಹಿಂದೆ ಹಾಕುವವ ಇನ್ನೂ ಹುಟ್ಟಿಲ್ಲ ಎಂಬ ಕೊಬ್ಬು ಬೇರೆ. ಆದರೆ ರೇಸ್ ಎಂದು ಹೋದ ಎರಡು ಸಲವೂ ಅರ್ಧಕ್ಕೇ ಬಿಟ್ಟು ಬಂದಿದ್ದೆ. ಒಮ್ಮೆ ಕಾಲು ಹಿಡಿದುಕೊಂಡಿತ್ತು, ಇನ್ನೊಮ್ಮೆ ಸುಮ್ಮನೆ ಬೇಜಾರು ಬಂದಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು, ಮಿರ್ಜಾನದ ಗುಡ್ಡಗಳಲ್ಲಿ ಸೈಕಲ್ ರೇಸ್ ಎಂದು ಕೇಳಿ ಹೆಸರು ಕೊಟ್ಟು ಬಂದೆ. ಕೊನೆ ಮುಟ್ಟಿದವರಿಗೆಲ್ಲ ಅಂಗಿಗೆ ಹೊಲಿದುಕೊಳ್ಳುವ ಒಂದು ಚೌಕ ಬಟ್ಟೆಯ ಬಿಲ್ಲೆ. ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿದಳು: “ಆ ಬಿಲ್ಲೆ ತರದೇ ಬಂದ್ರೆ ರೇಸು ಗೀಸು ಎಲ್ಲ ಇವತ್ತಿಗೇ ಬಂದ್. ಮನೇಲಿ ಕೂತ್ಕಂಡು ಕಿಟಕಿಗೆ ಬಣ್ಣ ಹಚ್ಚೂದು.”

“ಆತು,” ಎಂದೆ.

ನನ್ನ ಸಪೂರ ಟಯರಿನ ಸೈಕಲ್ ಗುಡ್ಡಕ್ಕೆ ನಡೆಯುವುದಿಲ್ಲ. ಹೆಬಳೆಯಲ್ಲಿದ್ದ ಹೆಂಡತಿಯ ಅಣ್ಣನಿಂದ ದಪ್ಪ ಟಯರಿನ ಗೇರ್ ಸೈಕಲ್ ಕೇಳಿ ತಂದೆ. ಕೆಂಪು ಕಲ್ಲಿನ ಮೊದಲ ಏರಿನಲ್ಲೇ ನನ್ನ ಕೊಬ್ಬೆಲ್ಲ ಇಳಿಯಿತು. ಹೈವೇಯಲ್ಲಿ ತುಳಿದಷ್ಟು ಮುಂದೆ ಹೋಗುತ್ತೇವೆ; ಇಲ್ಲಿ ತುಳಿದಷ್ಟೂ ಚಕ್ರ ನಿಂತಲ್ಲೇ ಜಲ್ಲಿ ಕೆದರುತ್ತಿತ್ತು. ಇಳಿಜಾರಿನಲ್ಲಿ ಅಭ್ಯಾಸಬಲದಿಂದ ಮುಂದಿನ ಬ್ರೇಕ್ ಒತ್ತಿದೆ, ಸೈಕಲ್ ಅಲ್ಲೇ ನಿಂತಿತು, ನಾನು ಮಾತ್ರ ಹೋಗಿ ಗೇರುಮರದ ಬುಡ ಸೇರಿದೆ. ಹಳ್ಳಕ್ಕೆ ಅಡ್ಡ ಹಾಕಿದ್ದ ಅಡಿಕೆಮರದ ಸಂಕದ ಮೇಲೆ ಸೈಕಲ್ ಹೊತ್ತು ನಡೆಯುವಾಗ ಕಾಲು ಜಾರಿ ಸೊಂಟದವರೆಗೆ ನೀರು. ಅಯ್ಯೋ ದೇವರೇ, ಯಾರಿಗೆ ಬೇಕಿತ್ತು ಈ ಉಸಾಬರಿ!

ಕೊನೆಯ ಗುಡ್ಡದ ಬುಡದಲ್ಲಿ ನೀರು ಕೊಡುವ ಟೇಬಲ್. ಬೆಂಗಳೂರು ಕಡೆಯ ಒಬ್ಬ ಸಭ್ಯ ಮನುಷ್ಯ ಪಟ್ಟಿ ಹಿಡಿದು ಕೂತಿದ್ದ. ನಾನು ಗಟಗಟ ಕುಡಿಯುವಾಗ ಏನೋ ಕೇಳಿದ. ಕಿವಿಯಲ್ಲಿ ಎದೆಬಡಿತ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. “ಆತು, ಆತು,” ಎಂದು ಕೈ ಬೀಸಿ, ತಂಬಿಗೆ ಇಟ್ಟು, ಸೈಕಲ್ ನೂಕಿಕೊಂಡು ಹೊರಟೆ. ಅವನು ಕೇಳಿದ್ದು ಇಷ್ಟು: “ನಿಮ್ದು ಆಯ್ತಾ ಸಾರ್? ಬಿಟ್ರು ಅಂತ ಬರ್ಕೊಳ್ಲಾ?” ಜನ್ಮದಲ್ಲಿ ನನ್ನ ಆತು ನಂಬಿದ ಮೊದಲ ಮನುಷ್ಯ ಅವನೇ.

ಇದು ಗೊತ್ತಾಗಿದ್ದು ಆ ಗುಡ್ಡವನ್ನೂ ಹತ್ತಿಳಿದು, ರೇಸ್ ಮುಗಿಯುವ ಮಿರ್ಜಾನದ ಶಾಲೆಯ ಮೈದಾನ ಮುಟ್ಟಿದ ಮೇಲೆ. ಶಾಮಿಯಾನ ಬಿಚ್ಚುತ್ತಿದ್ದರು. ಬೆಳಿಗ್ಗೆ ನನ್ನ ಜೊತೆಗೇ ಬಂದಿದ್ದ ಹೆಂಡತಿ ಬುತ್ತಿಚೀಲ ಹಿಡಿದು ಗೇಟಿನಲ್ಲೇ ನಿಂತಿದ್ದಳು.

“ಎಲ್ಲಿ ಸತ್ತಿದ್ರಿ? ನೀವು ಬಿಟ್ರಿ ಅಂತ ಮೈಕಲ್ಲಿ ಹೇಳಿದ್ರು. ಬಿಟ್ಟವ್ರ ಜೀಪ್ ಬಂತು, ಅದ್ರಲ್ಲೂ ನೀವಿಲ್ಲ!” ಕಣ್ಣು ಕೆಂಪಾಗಿತ್ತು. ಕೆಸರು ಮೆತ್ತಿದ ನನ್ನ ತೋಳನ್ನು ಹಿಡಿದವಳು ಬಿಡಲೇ ಇಲ್ಲ.

ಬಿಲ್ಲೆ ಕೇಳಲು ಹೋದರೆ, ಅದೇ ಜೀಪಿನಲ್ಲಿ ಬಂದಿದ್ದ ಆ ಪಟ್ಟಿಯ ಮನುಷ್ಯ, “ಸಾರ್, ನೀವೇ ಆಯ್ತು ಅಂದ್ರಲ್ಲ?” ಎಂದು ಹೆಸರಿನ ಮೇಲಿನ ಗೀಟು ತೋರಿಸಿದ. ಆಡಿದ್ದು ನಾನೇ ಅಲ್ಲವೇ? ಅಷ್ಟು ಹೊತ್ತು ತುಳಿದದ್ದೆಲ್ಲ ನೀರಿನಲ್ಲಿ ಹೋಮ!

ಆಗ ಹೆಂಡತಿ ಮುಂದೆ ಬಂದಳು.

“ಹನ್ನೆರಡು ವರ್ಷದಿಂದ ಇವ್ರ ಆತು ಕೇಳ್ತಾ ಇದ್ದವಳು ನಾನು ಮಾರಾಯ್ರೇ. ಇವ್ರು ಆತು ಅಂದ್ರೆ ಆಗ್ಲಿಲ್ಲ ಅಂತ. ಬೇಕಾದ್ರೆ ಹೊನ್ನಾವರಕ್ಕೆ ಬಂದು ಯಾರನ್ನಾದ್ರೂ ಕೇಳಿ. ನೀವು ನಂಬಿದ್ದೇ ತಪ್ಪು!”

ಶಾಮಿಯಾನ ಬಿಚ್ಚುವವರೂ ನಕ್ಕರು. ಅವನೂ ನಕ್ಕು, ಗೀಟಿನ ಪಕ್ಕ ಹೆಸರು ಮತ್ತೆ ಬರೆದು ಬಿಲ್ಲೆ ಕೊಟ್ಟ. ನನ್ನ ಮಾನ ಹೋಯಿತು, ಬಿಲ್ಲೆ ಬಂತು. ಅವತ್ತಿನಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮನೆಗೆ ಬಂದು ಸ್ನಾನ ಮುಗಿಸಿ ಬಿಲ್ಲೆಯನ್ನು ಅಂಗಿಗೆ ಹೊಲಿಯೋಣವೆಂದು ಮಿಶಿನ್ ಮುಂದೆ ಕೂತೆ. ಅವಳು ಕೈಯಿಂದ ಕಸಿದುಕೊಂಡಳು.

“ನಿಮ್ಗೆ ಬಿಟ್ರೆ ಮೂರು ಬದಿ ಹೊಲ್ದು ಏಳ್ತೀರಿ.”

ಬಾಗಿಲಲ್ಲಿ ಕೂತು, ಸೂಜಿ ದಾರ ಹಿಡಿದು, ನಾಲ್ಕೂ ಬದಿ ಅವಳೇ ಹೊಲಿದಳು.